ಬೇಕರಿಯವನು ಬೆರೆಸಿದ ತೌಡು

ಬೇಕರಿಯವನ ಬ್ರೆಡ್ಡಿಗೆ ಹೆಸರಿಡುವವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ, ಅವನ ಹೆಂಡತಿಯ ಹೊಟ್ಟೆಯೊಂದನ್ನು ಬಿಟ್ಟರೆ. ಅವಳು ಬಾಯಿಬಿಟ್ಟು ಬ್ರೆಡ್ಡನ್ನು ಬೈದವಳಲ್ಲ. ತಿಂದು ಸ್ವಲ್ಪ ಹೊತ್ತಿಗೆ ಗೋಡೆಗೆ ಒರಗಿ ಕೂತು, ಸೊಂಟದ ಗಂಟು ಸಡಿಲಿಸಿಕೊಂಡು, "ಯಾಕೋ ಉಬ್ಬರ ಕಣ್ರೀ" ಎನ್ನುತ್ತಿದ್ದಳು. ಅವನು ಹುಬ್ಬು ಗಂಟಿಕ್ಕಲು ಅಷ್ಟು ಸಾಕಿತ್ತು. "ಬೀದಿಗೆ ಬೀದಿಯೇ ತಿಂದು ಗುಂಡುಕಲ್ಲಿನ ಹಾಗಿದೆ. ನಿನಗೊಬ್ಬಳಿಗೇ ಏನು ಬಂತು?" ಎಂದು ಹೇಳಿ ಒಲೆಯ ಕಡೆ ಹೋಗಿಬಿಡುತ್ತಿದ್ದ. ಮದುವೆಯಾದಾಗಿನಿಂದ ಇದೇ ಮಾತು, ಇದೇ ಉತ್ತರ. ಎಲ್ಲಿ ನೋಯುತ್ತದೆ, ಯಾವಾಗ ಉಬ್ಬುತ್ತದೆ ಎಂದು ಅವನು ಕೇಳುತ್ತಿರಲಿಲ್ಲ. ಕೇಳಿದರೆ ತಪ್ಪು ಬ್ರೆಡ್ಡಿನ ಮೇಲೆ ಬಂದೀತೆಂದು ಅವನಿಗೆ ಭಯ.

ಕೆಲಸದಲ್ಲಿ ಅವನದು ಎತ್ತಿದ ಕೈ, ಅದನ್ನು ಒಪ್ಪಲೇಬೇಕು. ಮುಂದೆ ಅಂಗಡಿ, ಹಿಂದೆ ಒಲೆಮನೆ, ಮೇಲೆ ಎರಡು ಕೋಣೆಯ ಮನೆ. ಮುಂಜಾನೆಯೇ ಹಿಟ್ಟಿನ ಮೂಟೆಗಳ ನಡುವೆ ನಿಂತನೆಂದರೆ ಕಣ್ಣಿನ ರೆಪ್ಪೆಗೂ ಹಿಟ್ಟು ಮೆತ್ತಿಕೊಳ್ಳುತ್ತಿತ್ತು. ಉದ್ದ ಹಿಡಿಯ ಮರದ ಹಲಗೆಯ ಮೇಲೆ ಗೋಧಿ ತೌಡು ಉದುರಿಸಿ, ಅದರ ಮೇಲೆ ಹಿಟ್ಟಿನ ಉಂಡೆ ಇಟ್ಟು, ಒಂದೇ ಸಲಕ್ಕೆ ಒಲೆಯೊಳಕ್ಕೆ ಜಾರಿಸುತ್ತಿದ್ದ. ತೌಡು ಮರೆತರೆ ಉಂಡೆ ಹಲಗೆಗೆ ಅಂಟಿ ಕೂರುತ್ತದೆ. ಬ್ರೆಡ್ಡು ಉಬ್ಬಿಸಲು ಗಾಜಿನ ಭರಣಿಯಲ್ಲಿ ಹುಳಿಹಿಟ್ಟು ಸಾಕಿಕೊಂಡಿದ್ದ. ದಿನಾ ಬೆಳಿಗ್ಗೆ ಅದಕ್ಕೆ ಹೊಸ ಹಿಟ್ಟು, ನೀರು ಹಾಕಿ, "ತಿನ್ನು ಮರಿ, ತಿನ್ನು" ಎಂದು ಮುದ್ದು ಮಾಡುತ್ತಿದ್ದ. ಹೆಂಡತಿಯನ್ನು ಅಷ್ಟು ಮುದ್ದು ಮಾಡಿದ್ದನ್ನು ಯಾರೂ ಕಂಡಿಲ್ಲ.

ಅವನ ಕಾಯಿಲೆ ಬೇರೆಯದೇ ಇತ್ತು. ತನ್ನೆದುರು ಇನ್ನೊಬ್ಬನನ್ನು ಹೊಗಳಿದರೆ ಅವನಿಗೆ ಮೈಯೆಲ್ಲ ಉರಿ. ಹೆಂಡತಿಯೇ ಹೊಗಳಿಬಿಟ್ಟರಂತೂ ಆ ದಿನದ ಬ್ರೆಡ್ಡು ಕರಕಲು. ಹಿಂದೊಮ್ಮೆ ಅವಳು, "ಪಾಪ, ಹಾಲಿನವನು ಎಷ್ಟು ಸರಿಯಾದ ಹೊತ್ತಿಗೆ ಬರ್ತಾನೆ ನೋಡಿ" ಅಂದಳು. ಮಾರನೆಯ ದಿನದಿಂದ ಹಾಲಿನವನೇ ಬದಲಾದ. ಹೊಸಬ ಹಾಲಿಗೆ ನೀರು ಸೇರಿಸುತ್ತಿದ್ದ, ತಡವಾಗಿ ಬರುತ್ತಿದ್ದ, ನೋಡಲೂ ಚೆನ್ನಾಗಿರಲಿಲ್ಲ. ಬೇಕರಿಯವನಿಗೆ ನೆಮ್ಮದಿಯೋ ನೆಮ್ಮದಿ.

ಅಂಗಡಿಯ ಗಲ್ಲಾದಲ್ಲಿ ಕೂರುತ್ತಿದ್ದವಳು ಅವನ ತಂಗಿ. ಬಾಯಿ ಸ್ವಲ್ಪ ಜೋರು, ಕಣ್ಣು ಇನ್ನೂ ಜೋರು. ಅಣ್ಣನ ಈ ಗುಣ ಅವಳಿಗೆ ಅಂಗೈ ಗೆರೆಯಷ್ಟು ಪರಿಚಯ. "ಅತ್ತಿಗೆ, ಯಾರನ್ನಾದರೂ ಹೊಗಳೋದಿದ್ರೆ ಹೆಂಗಸರನ್ನೇ ಹೊಗಳಿ. ಅದೂ ಮುದುಕಿಯರನ್ನ" ಎಂದು ನಗುತ್ತಿದ್ದಳು.

ಇಂಥವನ ಅಂಗಡಿಯ ಎದುರಿಗೇ ಮಾಂಸದಂಗಡಿ ಬರಬೇಕೆ! ಬೀದಿ ದಾಟಿದರೆ ಸಾಕು. ನೆಲದಿಂದ ಸೂರಿನವರೆಗೆ ಬಿಳಿ ಟೈಲ್ಸು, ಸ್ಟೀಲಿನ ಕೊಕ್ಕೆಗಳು, ಮೂಲೆಯಲ್ಲಿ ಗುರ್ರೆನ್ನುವ ಕೈಮಾ ಯಂತ್ರ. ಅದರ ಮಾಲೀಕನ ಮೀಸೆ ಎಷ್ಟು ದಪ್ಪವಾಗಿತ್ತೆಂದರೆ ಜನ ಅವನನ್ನು ಮೀಸೆ ಎಂದೇ ಕರೆದರು. ಮೀಸೆಯ ಮಾತು ಬೆಣ್ಣೆ. ಬಂದ ಹೆಂಗಸರೆಲ್ಲ ಅವನಿಗೆ ಅಕ್ಕಂದಿರು. ಬೇಕರಿಯವನಿಗೆ ಇದೇ ದೊಡ್ಡ ತಲೆನೋವಾಯಿತು. ಅಕ್ಕ ಎಂದವನ ಮೇಲೆ ಏನೆಂದು ಜಗಳ ತೆಗೆಯುವುದು? "ಅಕ್ಕ ಅಂತೆ ಅಕ್ಕ" ಎಂದು ಹಿಟ್ಟನ್ನು ಹಲಗೆಗೆ ಅಪ್ಪಳಿಸುತ್ತಿದ್ದ, ಅಷ್ಟೇ.

ಒಂದು ಬೆಳಿಗ್ಗೆ ಹೆಂಡತಿ ಮಾಂಸ ತರಲು ಹೋದವಳು ಅರ್ಧ ಗಂಟೆಯಾದರೂ ಬರಲಿಲ್ಲ. ಬೇಕರಿಯವನು ಗಾಜಿನ ಬಾಗಿಲಿನಿಂದ ನೋಡಿದ. ಅವಳು ಮೀಸೆಯ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತಿದ್ದಳು. ಒಂದು ಕೈ ಹೊಟ್ಟೆಯ ಮೇಲಿತ್ತು. ಮೀಸೆ ಕತ್ತಿ ಕೆಳಗಿಟ್ಟು ಕೈ ಒರೆಸಿಕೊಳ್ಳುತ್ತಾ ಕೇಳುತ್ತಿದ್ದ, ಅವಳು ಹೇಳುತ್ತಿದ್ದಳು. ಕೈಯಾಡಿಸಿ ಹೇಳುತ್ತಿದ್ದಳು! ಮನೆಯಲ್ಲಿ ಎರಡು ಮಾತಿಗೆ ಮುಗಿಸುವವಳು.

ಬಂದವಳ ಮುಖ ಅರಳಿತ್ತು. "ರೀ, ಅವರ ಅಮ್ಮನಿಗೂ ಹೀಗೇ ಉಬ್ಬರ ಇತ್ತಂತೆ. ಹಿಟ್ಟು, ಬೇಳೆ, ಹಣ್ಣು ಎಲ್ಲ ಬಿಟ್ಟು ಬರೀ ಮಾಂಸ ತಿಂದರಂತೆ ಸ್ವಲ್ಪ ದಿನ. ನಿಂತೇ ಹೋಯ್ತಂತೆ."

"ಅವನೇನು ಡಾಕ್ಟರಾ?"

"ನಾನು ಡಾಕ್ಟರಲ್ಲ ಅಕ್ಕ, ಒಗ್ಗಿದ್ರೆ ಮಾಡಿ, ಇಲ್ಲದಿದ್ರೆ ಬಿಡಿ ಅಂತ ಅವರೇ ಅಂದ್ರು."

"ಮಾಂಸ ಮಾರೋನು ಮಾಂಸ ತಿನ್ನಿ ಅನ್ನದೆ ಇನ್ನೇನು ಸೊಪ್ಪು ತಿನ್ನಿ ಅಂತಾನಾ?"

"ಬ್ರೆಡ್ ಮಾರೋರು ಬ್ರೆಡ್ ತಿನ್ನು ಅಂದ ಹಾಗೆ" ಎಂದು ಅವಳು ಮೆಲ್ಲಗೆ ಹೇಳಿ ಮೆಟ್ಟಿಲು ಹತ್ತಿದಳು. ಗಲ್ಲಾದಲ್ಲಿದ್ದ ತಂಗಿ ಕೆಮ್ಮಿದಂತೆ ಮಾಡಿದಳು.

ಮರುದಿನದಿಂದ ಅವಳ ತಟ್ಟೆಯಲ್ಲಿ ಮಾಂಸ, ಮೊಟ್ಟೆ, ಉಪ್ಪು, ಇಷ್ಟೇ. ಬ್ರೆಡ್ಡಿನ ಚೂರೂ ಇಲ್ಲ. ಮೊದಲ ವಾರ ಭೇದಿಯಾಯಿತು, ತಲೆ ನೋಯಿತು. ಬೇಕರಿಯವನು, "ಮೂರು ದಿನದ ಆಟ" ಎಂದುಕೊಂಡು ಕಾದ. ಆದರೆ ಅದಾದ ಮೇಲೆ ಉಬ್ಬರ ಹೇಳದೆ ಕೇಳದೆ ಹೊರಟುಹೋಯಿತು. ಗೋಡೆಗೆ ಒರಗುವುದು ನಿಂತಿತು. ಸೊಂಟ ತೆಳ್ಳಗಾಯಿತು. ಮೆಟ್ಟಿಲನ್ನು ಹುಡುಗಿಯ ಹಾಗೆ ಹತ್ತಿಳಿಯತೊಡಗಿದಳು. ಬೇರೆ ಗಂಡನಾಗಿದ್ದರೆ ಖುಷಿಪಡುತ್ತಿದ್ದ. ಇವನು ಮೈ ಪರಚಿಕೊಂಡ. ಇಷ್ಟು ವರ್ಷ ಇವಳನ್ನು ಕಾಡಿದ್ದು ತನ್ನ ಬ್ರೆಡ್ಡು, ಅದರಿಂದ ಬಿಡಿಸಿದವನು ಎದುರಂಗಡಿಯ ಮೀಸೆ ಎಂದು ಇಡೀ ಬೀದಿಗೆ ಸಾರಿದಂತಾಯಿತಲ್ಲ! ಬ್ರೆಡ್ಡು ಕೊಳ್ಳಲು ಬಂದವರೂ, "ನಿಮ್ಮನೆಯವರು ಎಷ್ಟು ಗೆಲುವಾಗಿದ್ದಾರೆ, ಏನು ತಿಂತಾರೆ?" ಎಂದು ಕೇಳುತ್ತಿದ್ದರು. ಬೇಕರಿಯವನು ಚಿಲ್ಲರೆ ಹುಡುಕುವ ನೆಪದಲ್ಲಿ ಬಗ್ಗುತ್ತಿದ್ದ.

ಗಾಯದ ಮೇಲೆ ಉಪ್ಪು ಸುರಿದದ್ದು ಕೈಮಾ. ಆ ಮನೆಯಲ್ಲಿ ಮೊದಲಿನಿಂದ ಒಂದು ಪದ್ಧತಿ. ಕಲಸುವುದು, ನಾದುವುದು ಏನಿದ್ದರೂ ಅವನ ಕೈಯಿಂದಲೇ ಆಗಬೇಕು. ಮದುವೆಯಾದ ಹೊಸದರಲ್ಲಿ ಅವಳು ಹಿಟ್ಟು ಕಲಸಲು ಹೋದಾಗ, "ಬಿಡು, ಅದಕ್ಕೆ ಕೈ ಬೇಕು" ಎಂದು ಪಾತ್ರೆ ಕಿತ್ತುಕೊಂಡವನು ಅವನೇ. ಈಗ ಅವಳು ಮೀಸೆಯ ಅಂಗಡಿಯಿಂದ ಕೈಮಾ ತಂದು ಬೋಗುಣಿಯನ್ನು ಅವನ ಮುಂದಿಡುತ್ತಿದ್ದಳು. "ಉಪ್ಪು ಹಾಕಿದೀನಿ. ಬೇರೇನೂ ಸೇರಿಸಬೇಡಿ. ಚೆನ್ನಾಗಿ ನಾದಿ ಉಂಡೆ ಕಟ್ಟಿಕೊಡಿ, ಇಲ್ಲದಿದ್ರೆ ಬಾಣಲೆಯಲ್ಲಿ ಒಡೆಯುತ್ತೆ." ವೈರಿಯ ಮಾಂಸವನ್ನು ತನ್ನ ಕೈಯಾರೆ ನಾದಿ, ತಟ್ಟಿ, ಹೆಂಡತಿಗೆ ಕೊಡುವ ಸೌಭಾಗ್ಯ!

ಎರಡು ತಿಂಗಳು ಕಳೆದವು. ಒಂದು ದಿನ ತಂಗಿ ಗುಟ್ಟಾಗಿ ಹೇಳಿದಳು: "ಅಣ್ಣ, ಅತ್ತಿಗೆ ಬಚ್ಚಲಿಗೆ ಹೋದ್ರೆ ಬರೋದೇ ಇಲ್ಲ. ಬಂದಾಗ ಕಣ್ಣಲ್ಲಿ ನೀರಿರುತ್ತೆ. ಏನು ಅಂತ ಕೇಳು."

ಅವನು ಕೇಳಲಿಲ್ಲ, ಗಮನಿಸಿದ. ಹೌದು, ಮಲಬದ್ಧತೆ. ಅವಳು ಬಾಗಿಲು ಹಾಕಿಕೊಂಡು ಹೊರಬರುವಷ್ಟರಲ್ಲಿ ಒಂದು ಸರದಿ ಬ್ರೆಡ್ಡು ಬೆಂದುಬಿಡುತ್ತಿತ್ತು. ನಾಲಗೆ ಬೆಳ್ಳಗಾಗಿತ್ತು. ಬಾಯಿ ವಾಸನೆ ಬರುತ್ತಿತ್ತು. ಮಾಂಸ ಅಗಿಯುವಾಗ ಮೊದಲಿನ ಆಸೆಯಿರಲಿಲ್ಲ. ಇದನ್ನೆಲ್ಲ ನೋಡಿ ಬೇಕರಿಯವನಿಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಹೇಳಲು ನಾಚಿಕೆಯ ಮಾತು, ಆದರೆ ಆದದ್ದು ಹಾಗೆಯೇ. ಇನ್ನೇನು, ಅವಳೇ ಬಂದು, "ಅವನ ಮಾತು ಕೇಳಿ ಕೆಟ್ಟೆ ಕಣ್ರೀ" ಎನ್ನುತ್ತಾಳೆ, ತಾನು ಗಂಭೀರವಾಗಿ ತಲೆಯಾಡಿಸಿ ಬ್ರೆಡ್ಡಿನ ತುಂಡು ಮುಂದೆ ಹಿಡಿಯುತ್ತೇನೆ ಎಂದು ಕನಸು ಕಂಡ.

ಅವಳು ಬರಲಿಲ್ಲ. ಅವಳಿಗೂ ಹಟ. ಗಂಡ ಗೆದ್ದೆನೆಂದು ಬೀಗುವುದನ್ನು ನೋಡುವುದಕ್ಕಿಂತ ಬಚ್ಚಲಲ್ಲಿ ಹಲ್ಲು ಕಚ್ಚಿ ಕೂರುವುದೇ ಮೇಲೆನಿಸಿರಬೇಕು. "ಹುಷಾರಿಲ್ವಾ?" ಎಂದು ನಾದಿನಿ ಕೇಳಿದರೆ, "ಮೈ ಒಗ್ಗಿಕೊಳ್ತಾ ಇದೆ" ಎನ್ನುತ್ತಿದ್ದಳು.

ಕಾದು ಕಾದು ಬೇಕರಿಯವನ ತಾಳ್ಮೆ ಕೆಟ್ಟಿತು. ಆಗ ಅವನ ತಲೆಗೆ ಒಂದು ಉಪಾಯ ಹೊಳೆಯಿತು, ಬೇಕರಿಯವನ ತಲೆಗೆ ಮಾತ್ರ ಹೊಳೆಯುವಂಥದ್ದು. ಗೋಧಿ ಒಳಗೆ ಹೋದರೆ ತಾನೇ ಇವಳಿಗೆ ಉಬ್ಬರ? ಹೋಗಲಿ ಹಾಗಾದರೆ. ಇವಳಿಗೆ ಗೊತ್ತಾಗದ ಹಾಗೆ ಹೋಗಲಿ. ಉಬ್ಬರ ಮತ್ತೆ ಬಂದರೆ ಇವಳು ಬೈಯುವುದು ಯಾರನ್ನು? ಬ್ರೆಡ್ಡಂತೂ ತಟ್ಟೆಯಲ್ಲಿಲ್ಲ. ಮೀಸೆಯನ್ನೇ ಬೈಯಬೇಕು.

ಅಂದು ಕೈಮಾ ನಾದುವಾಗ ಹಲಗೆಯ ಪಕ್ಕದ ಡಬ್ಬಿಯಿಂದ ಒಂದು ಹಿಡಿ ತೌಡು ತೆಗೆದು ಬೋಗುಣಿಗೆ ಉದುರಿಸಿದ. ಕೈ ಒಂದು ಕ್ಷಣ ನಿಂತಿತು. ಬೇರೇನೂ ಸೇರಿಸಬೇಡಿ ಎಂದಿದ್ದಳು. ಆಮೇಲೆ ಅವಳು ಕೈಯಾಡಿಸಿ ಮೀಸೆಗೆ ಹೊಟ್ಟೆಯ ಕಥೆ ಹೇಳುತ್ತಿದ್ದುದು ಕಣ್ಣ ಮುಂದೆ ಬಂತು. ಇನ್ನೊಂದು ಹಿಡಿ ಹಾಕಿದ. ಬಾಣಲೆಯ ಕೊಬ್ಬಿನಲ್ಲಿ ಕೆಂಪಗೆ ಹುರಿದಾಗ ತೌಡು ಎಲ್ಲಿ, ಮಾಂಸ ಎಲ್ಲಿ, ದೇವರಿಗೂ ತಿಳಿಯುವಂತಿರಲಿಲ್ಲ.

ದಿನಾ ಎರಡು ಹಿಡಿ. ಒಂದು ವಾರ ಅವನು ಅವಳ ಸೊಂಟವನ್ನೇ ನೋಡುತ್ತಿದ್ದ, ಉಬ್ಬುತ್ತದೇನೋ ಎಂದು, ಒಲೆಯಲ್ಲಿ ಬ್ರೆಡ್ಡು ನೋಡುವ ಹಾಗೆ. ಮೊದಲೆರಡು ದಿನ ಸ್ವಲ್ಪ ಗುಡುಗುಡು ಎಂದಿತು. ಅಷ್ಟೇ. ಆಮೇಲೆ ಒಂದು ಬೆಳಿಗ್ಗೆ ಅವಳು ಬಚ್ಚಲಿಗೆ ಹೋದವಳು ಹೋದಷ್ಟೇ ಬೇಗ ಬಂದಳು. ಮಾರನೆಯ ದಿನವೂ. ಅದರ ಮಾರನೆಯ ದಿನ ಹಾಡಿಕೊಂಡು ಬಂದಳು. ನಾಲಗೆಯ ಬಿಳುಪು ಹೋಯಿತು, ಕೆನ್ನೆಗೆ ಬಣ್ಣ ಬಂತು. ಅವನು ಕೆಡಿಸಲೆಂದು ಹಾಕಿದ್ದು ಅವಳಿಗೆ ಮದ್ದಾಗಿಬಿಟ್ಟಿತ್ತು.

ಅಷ್ಟಕ್ಕೇ ನಿಂತಿದ್ದರೂ ಹೇಗೋ ನುಂಗಿಕೊಳ್ಳುತ್ತಿದ್ದ. ಆದರೆ ಊಟದ ಹೊತ್ತಿನಲ್ಲಿ ಅವಳು ನಾದಿನಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: "ನಿಜ ಹೇಳ್ತೀನಿ, ಹೊಟ್ಟೆ ಕಟ್ಟಿ ಸಾಯ್ತಾ ಇದ್ದೆ. ಕೊನೆಗೆ ನಾಚಿಕೆ ಬಿಟ್ಟು ಮೀಸೆ ಅಣ್ಣನ ಹತ್ರ ಹೇಳಿದೆ. ಹಾಗಾದ್ರೆ ಕೊಬ್ಬು ಜಾಸ್ತಿ ಇರೋ ಕಡೆಯ ಕೈಮಾ ಕೊಡ್ತೀನಿ ಅಕ್ಕ ಅಂದ್ರು. ಕೊಟ್ಟ ವಾರಕ್ಕೇ ಸರಿಹೋಯ್ತು ನೋಡು! ಬಂಗಾರದಂಥ ಮನುಷ್ಯ."

ಬೇಕರಿಯವನು ತಟ್ಟೆ ಪಕ್ಕಕ್ಕೆ ಸರಿಸಿದ. ತೌಡು ನನ್ನದು, ನಾದಿದ ಕೈ ನನ್ನದು, ಹೆಸರು ಮಾತ್ರ ಮೀಸೆಗೆ! ಎದ್ದು ನಿಂತು, "ಕೊಬ್ಬೂ ಅಲ್ಲ, ಮಣ್ಣೂ ಅಲ್ಲ, ಅದು ನನ್ನ ತೌಡು" ಎಂದು ಕೂಗಬೇಕೆನಿಸಿತು. ಕೂಗಿದರೆ ಯಾಕೆ ಹಾಕಿದೆ ಎಂದು ಕೇಳುತ್ತಾಳೆ. ಅವಳಿಗೆ ಒಳ್ಳೆಯದಾಗಲಿ ಎಂದು ಹಾಕಿದೆ ಎನ್ನಲು ನಾಲಗೆ ಹೊರಳಬೇಕಲ್ಲ. ಕದ್ದು ಹಾಕಿದ್ದೇಕೆ ಎಂದರೆ? ತಟ್ಟೆಯನ್ನು ಮತ್ತೆ ಎಳೆದುಕೊಂಡು ತಿನ್ನತೊಡಗಿದ.

ಒಂದು ತಿಂಗಳು ಹೀಗೇ ನಡೆಯಿತು. ಅವನು ಬೆರೆಸುತ್ತಿದ್ದ, ಅವಳು ಚೇತರಿಸಿಕೊಳ್ಳುತ್ತಿದ್ದಳು, ಬೀದಿ ಮೀಸೆಯನ್ನು ಹೊಗಳುತ್ತಿತ್ತು. ಬೋಗುಣಿ ಮುಂದೆ ಬಂದಾಗೆಲ್ಲ ಅವನಿಗೆ ಸಂಕಟ. ಹಾಕಿದರೆ ವೈರಿಗೆ ಹೆಸರು. ಹಾಕದಿದ್ದರೆ ಇವಳ ಕಣ್ಣಲ್ಲಿ ನೀರು. ಅಷ್ಟು ದಿನ ಹಾಕಿದನೆಂಬುದನ್ನು ಅವನ ಪರವಾಗಿ ಹೇಳಬೇಕು. ಹೆಂಡತಿಯ ಮೇಲೆ ಅವನಿಗೆ ಪ್ರೀತಿ ಇರಲಿಲ್ಲವೆಂದಲ್ಲ. ಇತ್ತು. ಅದರ ಪಕ್ಕದಲ್ಲೇ ಇನ್ನೊಂದು ಕೂತಿತ್ತು, ಅದರ ಗಂಟಲು ದೊಡ್ಡದಿತ್ತು.

ಆ ತಿಂಗಳ ಕೊನೆಯಲ್ಲಿ ಹೆಂಡತಿ ಒಲೆಮನೆಗೆ ಬಂದು ಅವನ ಪಕ್ಕ ನಿಂತಳು. ಬಹಳ ದಿನದ ಮೇಲೆ ಅವನ ತೋಳು ಮುಟ್ಟಿ ಮಾತಾಡಿದಳು. "ರೀ, ಒಂದು ಕೇಕ್ ಮಾಡಿಕೊಡ್ತೀರಾ? ದೊಡ್ಡದು, ನಿಮ್ಮ ಕೈಯಲ್ಲಿ ಚೆನ್ನಾಗಿ ಬರುತ್ತಲ್ಲ, ಆ ಥರದ್ದು."

ಅವನ ಎದೆ ಉಬ್ಬಿತು. ತಿನ್ನಬೇಕೆನಿಸಿತೇನೋ, ಕೊನೆಗೂ ದಾರಿಗೆ ಬಂದಳು ಎಂದುಕೊಂಡ. "ಮಾಡ್ತೀನಿ. ಯಾವಾಗ ಬೇಕು?"

"ನಾಳೆ. ಮೀಸೆ ಅಣ್ಣನಿಗೆ ಕೊಡೋಣ ಅಂತ. ಇಷ್ಟೆಲ್ಲಾ ಮಾಡಿದ್ದಾರೆ, ಬಾಯಿಮಾತಲ್ಲಿ ಥ್ಯಾಂಕ್ಸ್ ಹೇಳಿದ್ರೆ ಏನು ಚೆಂದ?"

ಕೇಕು ಮಾಡಿದ. ಬೇರೆ ದಾರಿಯಿರಲಿಲ್ಲ. ಮಾಡುವಾಗ ಉಪ್ಪು ಸುರಿಯಲೇ ಎಂದು ಯೋಚಿಸಿದ, ಆದರೆ ಕೇಕಿನ ವಿಷಯದಲ್ಲಿ ಅವನ ಕೈ ಅವನ ಮಾತೂ ಕೇಳುವುದಿಲ್ಲ, ಚೆನ್ನಾಗಿಯೇ ಬಂತು. ಹೆಂಡತಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಬೀದಿ ದಾಟಿದಳು. ಮೀಸೆ ಅಂಗಡಿಯಿಂದ ಹೊರಗೇ ಬಂದು ಒಂದು ತುಂಡು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಬೀದಿಯಾಚೆಯಿಂದ ಕೂಗಿದ: "ಅಣ್ಣಾ, ನಿಮ್ಮ ಕೈ ಚಿನ್ನ ಅಣ್ಣಾ!" ಮೀಸೆಯ ತುಂಬ ಕ್ರೀಮು. ಹೆಂಡತಿ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದಳು. ತನ್ನ ಮುಂದೆ ಹಾಗೆ ನಕ್ಕು ಎಷ್ಟು ಕಾಲವಾಯಿತೋ ಬೇಕರಿಯವನಿಗೆ ನೆನಪಾಗಲಿಲ್ಲ.

ಅಂದು ಸಂಜೆ ಬೋಗುಣಿ ಮುಂದೆ ಬಂದಾಗ ಅವನು ತೌಡಿನ ಡಬ್ಬಿಯ ಮುಚ್ಚಳ ಬಿಗಿದ. ಬರೀ ಕೈಮಾ ನಾದಿ ಉಂಡೆ ಕಟ್ಟಿಕೊಟ್ಟ. ಬಂಗಾರದಂಥ ಮನುಷ್ಯನ ಕೊಬ್ಬು ಏನು ಮಾಡುತ್ತದೋ ನೋಡೋಣ.

ಕೊಬ್ಬು ಏನೂ ಮಾಡಲಿಲ್ಲ. ಹತ್ತು ದಿನದೊಳಗೆ ಅವಳು ಮತ್ತೆ ಬಚ್ಚಲಲ್ಲಿ ಕೂರತೊಡಗಿದಳು. ಈ ಸಲ ಹಿಂದಿಗಿಂತ ಕಷ್ಟ. ಮೀಸೆ ಇನ್ನೂ ಕೊಬ್ಬಿನ ಕೈಮಾ ಕೊಟ್ಟ, ವಾಕರಿಕೆ ಬಂತೇ ಹೊರತು ಬೇರೇನೂ ಬರಲಿಲ್ಲ. ಕೊನೆಗೆ ಮೀಸೆಯೇ, "ಅಕ್ಕ, ನನಗೆ ಗೊತ್ತಿದ್ದದ್ದು ಇಷ್ಟೇ. ದಯವಿಟ್ಟು ಡಾಕ್ಟರಿಗೆ ತೋರಿಸಿ, ನನಗೆ ಭಯ ಆಗ್ತಾ ಇದೆ" ಎಂದನಂತೆ. ಬೇಕರಿಯವನು ಇದನ್ನು ತಂಗಿಯ ಬಾಯಲ್ಲಿ ಕೇಳಿ ಮನಸ್ಸಿನಲ್ಲೇ ಚಪ್ಪಾಳೆ ತಟ್ಟಿದ. ಡಬ್ಬಿಯ ಮುಚ್ಚಳ ಮಾತ್ರ ತೆಗೆಯಲಿಲ್ಲ. ಇನ್ನೊಂದೆರಡು ದಿನ, ಅವಳೇ ಬಂದು ಹೇಳಲಿ, ಆಮೇಲೆ ಹಾಕಿದರಾಯಿತು ಎಂದುಕೊಂಡ.

ಅವಳು ಹೇಳಲಿಲ್ಲ. ಒಂದು ಮಧ್ಯಾಹ್ನ ಅಂಗಡಿಯ ತುಂಬ ಗಿರಾಕಿಗಳಿದ್ದಾಗ ಬಚ್ಚಲಿನಿಂದ ಬಂದವಳು ಹಿಟ್ಟಿನ ಮೂಟೆ ಹಿಡಿದುಕೊಂಡು ಹಾಗೇ ಕುಸಿದಳು. ಮುಖ ಸುಣ್ಣದಂತಾಗಿತ್ತು. ತಂಗಿ ಓಡಿ ಹಿಡಿದುಕೊಂಡಳು. ಹೆಂಡತಿ ಅವಳ ಕಿವಿಯಲ್ಲಿ ಏನೋ ಹೇಳಿದಳು. ತಂಗಿ ಅಣ್ಣನ ಕಡೆ ತಿರುಗಿ, ಯಾವ ತಮಾಷೆಯೂ ಇಲ್ಲದ ದನಿಯಲ್ಲಿ, "ರಕ್ತ ಹೋಗ್ತಾ ಇದೆಯಂತೆ" ಅಂದಳು.

ಡಾಕ್ಟರಮ್ಮನ ಕೋಣೆ ಚಿಕ್ಕದು. ಒಂದು ಮೇಜು, ಪರದೆ ಎಳೆದ ಮಂಚ, ಗೋಡೆಯ ಮೇಲೆ ಕರುಳಿನ ಬಣ್ಣದ ಚಿತ್ರ. ಪರದೆಯ ಹಿಂದೆ ಪರೀಕ್ಷೆ ಮುಗಿಸಿ ಕೈ ತೊಳೆದುಕೊಂಡು ಬಂದು ಕೂತ ಡಾಕ್ಟರಮ್ಮ, ಮಲ ಕಲ್ಲಾಗಿ ಹೊರಬರುವಾಗ ಚರ್ಮ ಬಿರುಕು ಬಿಟ್ಟಿದೆ, ರಕ್ತ ಅಲ್ಲಿಂದಲೇ ಇರಬೇಕು ಎಂದರು. "ಆದರೂ ನಿಲ್ಲದಿದ್ರೆ ಒಳಗೆ ಕ್ಯಾಮೆರಾ ಹಾಕಿ ನೋಡಬೇಕಾಗುತ್ತೆ. ಏನು ತಿಂತೀರಿ?"

"ಬರೀ ಮಾಂಸ. ಮೊಟ್ಟೆ" ಎಂದಳು ಹೆಂಡತಿ. "ಐದು ತಿಂಗಳಾಗ್ತಾ ಬಂತು."

ಡಾಕ್ಟರಮ್ಮ ಬೈಯಲಿಲ್ಲ. "ಉಬ್ಬರ ಕಡಿಮೆಯಾಗಿರಬೇಕು, ಅಲ್ವಾ? ಆಗುತ್ತೆ. ಕೆಲವರ ಹೊಟ್ಟೆಗೆ ಕೆಲವು ಹಿಟ್ಟು, ಬೇಳೆ ಆಗಿಬರಲ್ಲ. ಅದನ್ನ ತೆಗೆದ್ರೆ ಹಾಯೆನಿಸುತ್ತೆ. ಆದರೆ ನೀವು ಅದರ ಜೊತೆಗೆ ಎಲ್ಲವನ್ನೂ ತೆಗೆದುಬಿಟ್ರಿ. ನಮ್ಮ ಕರುಳಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆ, ಕೋಟಿ ಕೋಟಿ. ಕಾಳು, ಸೊಪ್ಪು, ಹಣ್ಣಿನಲ್ಲಿರೋ ನಾರು ನಮಗೆ ಜೀರ್ಣ ಆಗಲ್ಲ, ಅದು ಅವುಗಳ ಊಟ. ಅದನ್ನು ತಿಂದು ಅವು ಕರುಳಿನ ಗೋಡೆಗೆ ಬೇಕಾದ್ದನ್ನು ಮಾಡಿಕೊಡ್ತವೆ. ಮಾಂಸದಲ್ಲಿ ನಾರೇ ಇಲ್ಲ. ಊಟ ಸಿಗದಿದ್ರೆ ಒಳ್ಳೆಯವು ಎಷ್ಟೋ ಕಡಿಮೆಯಾಗ್ತವೆ. ಮಲ ಮೆತ್ತಗಿರೋದಕ್ಕೂ ಆ ನಾರು ಬೇಕು. ಬರೀ ಮಾಂಸ ತಿಂದೂ ಆರಾಮಾಗಿದ್ದೀವಿ ಅನ್ನೋರಿದ್ದಾರೆ, ಇಲ್ಲ ಅನ್ನಲ್ಲ. ವರ್ಷಗಟ್ಟಲೆ ಹಾಗೆ ತಿಂದ್ರೆ ಏನಾಗುತ್ತೆ ಅಂತ ಪೂರ್ತಿ ಯಾರಿಗೂ ಗೊತ್ತಿಲ್ಲ. ನಿಮ್ಮ ಹೊಟ್ಟೆ ಮಾತ್ರ ಬೇಡ ಅಂತಾ ಇದೆ."

ಬೇಕರಿಯವನಿಗೆ ಇದು ಒಂದೇ ಏಟಿಗೆ ಅರ್ಥವಾಯಿತು. ಹುಳಿಹಿಟ್ಟಿಗೆ ನಾಲ್ಕು ದಿನ ಹಿಟ್ಟು ಹಾಕದಿದ್ದರೆ ಅದು ಸತ್ತೇ ಹೋಗುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಆದರೆ ಡಾಕ್ಟ್ರೇ, ನಡುವೆ ಒಂದು ತಿಂಗಳು ಪೂರ್ತಿ ಚೆನ್ನಾಗಿದ್ದೆ" ಎಂದಳು ಹೆಂಡತಿ. "ಕೊಬ್ಬಿನ ಕೈಮಾ ತಿನ್ನೋಕೆ ಶುರು ಮಾಡಿದಾಗ."

"ಈಗ ಅದನ್ನ ಬಿಟ್ಟಿದ್ದೀರಾ?"

"ಇಲ್ಲ, ಈಗಲೂ ಅದೇ."

"ಹಾಗಾದ್ರೆ ಕೊಬ್ಬಲ್ಲ. ಆ ತಿಂಗಳು ಬೇರೇನೋ ಹೊಟ್ಟೆಗೆ ಹೋಗಿದೆ, ಅದೇ ನಿಮ್ಮನ್ನ ಕಾಪಾಡಿದೆ. ನೆನಪು ಮಾಡಿಕೊಳ್ಳಿ. ಏನು ಅಂತ ಗೊತ್ತಾದ್ರೆ ನನಗೂ ಸುಲಭ."

ಹೆಂಡತಿ ಹಣೆ ತಿಕ್ಕಿಕೊಂಡಳು. "ಬೇರೇನೂ ಇಲ್ಲ. ಮೀಸೆ ಅಣ್ಣ ಆಗ ಯಾವುದೋ ಒಳ್ಳೆ ಕಡೆಯ ಮಾಂಸ ಕೊಟ್ಟಿರಬೇಕು. ಅವರನ್ನೇ ಕೇಳಬೇಕು."

ಬೇಕರಿಯವನು ಸುಮ್ಮನಿರಬಹುದಿತ್ತು. ಮನೆಗೆ ಹೋಗಿ ತೌಡು ಹಾಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ರಕ್ತ ಕಂಡ ಮೇಲೂ, ಈ ಕೋಣೆಯಲ್ಲಿ ಕೂತೂ, ಇವಳ ಬಾಯಲ್ಲಿ ಮೊದಲು ಬರುವುದು ಮೀಸೆಯ ಹೆಸರೇ ಎಂಬುದು ಅವನಿಗೆ ತಡೆಯಲಾಗಲಿಲ್ಲ.

"ಮೀಸೆಯೂ ಇಲ್ಲ, ಮಣ್ಣೂ ಇಲ್ಲ" ಎಂದ. ದನಿ ಅವನು ಅಂದುಕೊಂಡದ್ದಕ್ಕಿಂತ ಜೋರಾಗಿತ್ತು. "ಅದು ನಾನು. ಕೈಮಾ ನಾದುವಾಗ ದಿನಾ ಎರಡು ಹಿಡಿ ಗೋಧಿ ತೌಡು ಹಾಕ್ತಾ ಇದ್ದೆ. ನಿನ್ನನ್ನ ಕಾಪಾಡಿದ್ದು ನನ್ನ ತೌಡು."

ಡಾಕ್ಟರಮ್ಮನ ಮುಖದಲ್ಲಿ ಸಮಾಧಾನ ಕಂಡಿತು. "ನೋಡಿ, ಅದೇ ಇರಬೇಕು. ತೌಡಲ್ಲಿ ಬೇಕಾದಷ್ಟು ನಾರಿದೆ" ಎಂದು ಬರೆದುಕೊಂಡರು. ಬೇಕರಿಯವನು ನೆಟ್ಟಗೆ ಕೂತ. ಎಷ್ಟೋ ತಿಂಗಳ ಮೇಲೆ ಸಿಗಬೇಕಾದದ್ದು ಸಿಕ್ಕಿತೆಂಬ ಹೆಮ್ಮೆಯಿಂದ ಹೆಂಡತಿಯ ಕಡೆ ತಿರುಗಿದ. ಕದ್ದು ಹಾಕಿದ್ದಕ್ಕೆ ಬೈಯಬಹುದು. ಬೈಯಲಿ. ಬೈದಾದ ಮೇಲೆ ಒಪ್ಪಲೇಬೇಕಲ್ಲ.

ಅವಳು ಬೈಯಲಿಲ್ಲ. ಅವನನ್ನೇ ನೋಡುತ್ತಿದ್ದಳು.

"ತೌಡು ಹಾಕಿದ್ರಿ. ನಾನು ಹುಷಾರಾದೆ. ಅದು ನಿಮಗೆ ಗೊತ್ತಿತ್ತು."

"ಗೊತ್ತಿತ್ತು. ಅದನ್ನೇ ಹೇಳ್ತಾ ಇರೋದು."

"ಮತ್ತೆ ನಿಲ್ಲಿಸಿದ್ದು ಯಾಕೆ?"

ಇಷ್ಟು ದಿನ ಈ ಪ್ರಶ್ನೆಯೊಂದಕ್ಕೆ ಅವನು ತಯಾರಾಗಿರಲಿಲ್ಲ. ಯಾಕೆ ಹಾಕಿದೆ ಎಂದು ಕೇಳಿಯಾಳೆಂದು ನೂರು ಸಲ ಉತ್ತರ ಜೋಡಿಸಿದ್ದ. ಯಾಕೆ ನಿಲ್ಲಿಸಿದೆ ಎಂಬುದು ತಲೆಗೇ ಬಂದಿರಲಿಲ್ಲ. ಅವಳು ಕಣ್ಣು ಕಿರಿದು ಮಾಡಿ ದಿನ ಲೆಕ್ಕ ಹಾಕಿದಳು. ಮತ್ತೆ ಶುರುವಾದದ್ದು ಯಾವಾಗ, ಅದಕ್ಕೆ ಮೊದಲು ಏನಾಗಿತ್ತು ಎಂದು ಹಿಂದಕ್ಕೆ ಹೋದಳು.

"ಕೇಕು" ಎಂದಳು. "ಕೇಕು ಕೊಟ್ಟ ದಿನ."

ಅವನು ತಲೆ ತಗ್ಗಿಸಿದ. "ನೀನು ಅವನ ಮುಂದೆ ನಗ್ತಾ ಇದ್ದೆ. ನನಗೆ ತಡೆಯೋಕಾಗಲಿಲ್ಲ."

"ಬಚ್ಚಲಲ್ಲಿ ಅಳ್ತಾ ಇದ್ದೆನಲ್ಲ, ಅದು ತಡೆಯೋಕಾಯ್ತಾ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಹೆಂಡತಿ ತನ್ನ ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡಳು, ಗಂಡನಿಗೆ ಬೆನ್ನು ಬರುವ ಹಾಗೆ. "ಡಾಕ್ಟ್ರೇ, ಏನು ತಿನ್ನಬೇಕು ಅಂತ ನನಗೆ ಹೇಳಿ. ಅವರು ಹೊರಗಿರ್ತಾರೆ."

ಬೇಕರಿಯವನು ಹೊರಗಿನ ಬೆಂಚಿನ ಮೇಲೆ ಕೂತ. ಬಾಗಿಲ ಸಂದಿಯಿಂದ ಮಾತು ಅಲ್ಲಲ್ಲಿ ಕೇಳುತ್ತಿತ್ತು. ಬೇಯಿಸಿದ ತರಕಾರಿ ಸ್ವಲ್ಪ ಸ್ವಲ್ಪವೇ, ನೀರು ಜಾಸ್ತಿ, ಬೇಳೆ ಆಮೇಲೆ, ಯಾವುದಕ್ಕೆ ಉಬ್ಬರ ಬರುತ್ತದೆ ಎಂದು ಒಂದೊಂದಾಗಿ ನೋಡುವುದು, ಮಾಂಸ ಬೇಕಾದರೆ ಜೊತೆಗಿರಲಿ. ಆಮೇಲೆ ಹೆಂಡತಿಯ ದನಿ, ಎಲ್ಲಿ ನೋಯುತ್ತದೆ, ಯಾವಾಗ ಉಬ್ಬುತ್ತದೆ ಎಂದು ಮದುವೆಯಾದ ಹೊಸದರಿಂದ ಶುರುಮಾಡಿ ಹೇಳುತ್ತಿದ್ದಳು. ಅವಳ ಹೊಟ್ಟೆಯ ಕಥೆಯನ್ನು ಅವನು ಮೊದಲ ಸಲ ಕೇಳಿದ್ದು ಹಾಗೆ, ಮುಚ್ಚಿದ ಬಾಗಿಲಿನ ಈಚೆಯಿಂದ.

ಅವಳು ವಾಸಿಯಾದಳು. ನಿಧಾನವಾಗಿ, ಆದರೆ ವಾಸಿಯಾದಳು. ರಕ್ತ ನಿಂತಿತು, ಕ್ಯಾಮೆರಾದ ಮಾತು ಮತ್ತೆ ಬರಲಿಲ್ಲ. ತನ್ನ ಅಡುಗೆಯನ್ನು ತಾನೇ ಮಾಡಿಕೊಂಡಳು. ಕೈಮಾ ತಂದ ದಿನ ತಾನೇ ನಾದಿದಳು. ಉಂಡೆ ಬಾಣಲೆಯಲ್ಲಿ ಒಡೆದರೆ ಒಡೆದದ್ದನ್ನೇ ತಿಂದಳು. ಗಂಡನೊಡನೆ ಮಾತು ಬಿಟ್ಟಿರಲಿಲ್ಲ. ಅಂಗಡಿ, ಗಿರಾಕಿ, ಹಿಟ್ಟಿನ ಮೂಟೆ ಎಲ್ಲದರ ಬಗ್ಗೆ ಮಾತಾಡುತ್ತಿದ್ದಳು. ಹೊಟ್ಟೆ ಹೇಗಿದೆ ಎಂದು ಅವನು ಈಗ ದಿನಾ ಕೇಳುತ್ತಿದ್ದ. "ಇದೆ" ಎನ್ನುತ್ತಿದ್ದಳು.

ಅವನು ಕಾದ. ಒಂದೊಂದಾಗಿ ಎಲ್ಲ ತಿನ್ನಲು ಶುರುಮಾಡಿದ್ದಾಳೆ, ಬ್ರೆಡ್ಡಿನ ಸರದಿಯೂ ಬಂದೇ ಬರುತ್ತದೆ ಎಂದು ಕಾದ. ತೌಡು ತೆಗೆಯದ ಹಿಟ್ಟನ್ನು ಹುಳಿಹಿಟ್ಟಿನಲ್ಲಿ ಒಂದು ದಿನವೆಲ್ಲ ಹುದುಗಿಸಿ, ಅವಳಿಗೆಂದೇ ಚಿಕ್ಕದೊಂದು ಬ್ರೆಡ್ಡು ಮಾಡಿ ದಿನಾ ಬಟ್ಟೆ ಮುಚ್ಚಿ ಮೇಜಿನ ಮೇಲಿಡುತ್ತಿದ್ದ. ಸಂಜೆ ತಂಗಿ ಅದನ್ನು ಏನೂ ಹೇಳದೆ ಅಂಗಡಿಯಲ್ಲಿ ಮಾರಿಬಿಡುತ್ತಿದ್ದಳು.

ಒಂದು ಬೆಳಿಗ್ಗೆ ಅವನು ಕೈಯೊರೆಸಿಕೊಂಡು ಮೇಲೆ ಬಂದಾಗ ಹೆಂಡತಿ ಮೇಜಿನ ಮುಂದೆ ಕೂತು ಬ್ರೆಡ್ಡು ತಿನ್ನುತ್ತಿದ್ದಳು. ಕೊನೆಗೂ ತನ್ನ ಬ್ರೆಡ್ಡಿನ ಸರದಿ ಬಂತೆಂದುಕೊಂಡ. ಹತ್ತಿರ ಬಂದ. ಅವನು ಮುಚ್ಚಿಟ್ಟಿದ್ದ ಬಟ್ಟೆ ಮಡಿಕೆ ಕೆಡದೆ ಹಾಗೇ ಇತ್ತು. ಪಕ್ಕದಲ್ಲಿ ಕಾಗದದ ಪೊಟ್ಟಣ, ಅದರ ಮೇಲೆ ಹಿಂದಿನ ಬೀದಿಯ ಬೇಕರಿಯ ಹೆಸರು. ಮೀಸೆ ತಂದ ಉರಿಯೆಲ್ಲ ಇದರ ಮುಂದೆ ಏನೂ ಅಲ್ಲ ಎನಿಸಿತು. ಬ್ರೆಡ್ಡನ್ನು ನೋಡಿದ. ಹಿಟ್ಟು ಸರಿಯಾಗಿ ಹುದುಗಿರಲಿಲ್ಲ, ನಡುವೆ ಒತ್ತಾಗಿತ್ತು, ಅಡಿ ಸೀದಿತ್ತು.

"ಅದು ಸರಿಯಾಗಿ ಬೆಂದಿಲ್ಲ ಕಣೇ" ಎಂದ. ದನಿ ಬೇಡಿಕೊಳ್ಳುವವನ ಹಾಗೆ ಬಂತು. "ನನ್ನದು ಅದಕ್ಕಿಂತ ಚೆನ್ನಾಗಿದೆ."

"ಗೊತ್ತು" ಎಂದಳು ಅವಳು. "ನಿಮ್ಮಷ್ಟು ಚೆನ್ನಾಗಿ ಮಾಡೋರು ಈ ಕಡೆ ಯಾರೂ ಇಲ್ಲ. ಆದರೆ ಅವರಿಗೆ ನನ್ನ ಮೇಲೆ ಹಟ ಏನೂ ಇಲ್ಲ. ಏನು ಹಾಕಿದ್ದೀರಿ ಅಂತ ಕೇಳಿದೆ, ಹೇಳಿದ್ರು."

ಹೇಳಿ ಇನ್ನೊಂದು ತುಂಡು ಮುರಿದುಕೊಂಡಳು.